ರಿಪೋರ್ಟ್ ಎಲ್ಲ ನಾರ್ಮಲ್, ಮೈಯೆಲ್ಲ ನೋವು: ಒಬ್ಬ ಶಿಕ್ಷಕಿಯ ಪ್ರಕರಣ

(ಗುರುತು ಸಿಗದಂತೆ ವಯಸ್ಸು, ಊರು, ಮನೆಯ ವಿವರಗಳನ್ನು ಬದಲಿಸಲಾಗಿದೆ.)

ನಲವತ್ತರ ಆಸುಪಾಸಿನ ಪ್ರಾಥಮಿಕ ಶಾಲಾ ಶಿಕ್ಷಕಿ. ಮನೆಯಲ್ಲಿ ಗಂಡ, ಅತ್ತೆ, ಹೈಸ್ಕೂಲು ಓದುವ ಇಬ್ಬರು ಮಕ್ಕಳು. ಎರಡು ವರ್ಷದಿಂದ ಕುತ್ತಿಗೆ, ಭುಜ, ಸೊಂಟ, ತೊಡೆ, ಮಂಡಿ, ಹೀಗೆ ನೋವಿಲ್ಲದ ಜಾಗವೇ ಇಲ್ಲ. ಎಂಟು ಗಂಟೆ ಮಲಗಿದರೂ ಬೆಳಿಗ್ಗೆ ಯಾರೋ ಹೊಡೆದು ಹಾಕಿದಂತಿರುತ್ತದೆ ಎಂದರು. ಆಪ್ತಸಲಹೆಗೆ ಬಂದದ್ದು ಯುಗಾದಿ ಮುಗಿದ ಮೇಲೆ, ನೋವು ಒಮ್ಮೆಲೇ ಉಲ್ಬಣಿಸಿ ಐದು ದಿನ ಹಾಸಿಗೆ ಹಿಡಿದು ಎದ್ದ ನಂತರ. ಕಳಿಸಿದವರು ಅವರಿಗೆ ಚಿಕಿತ್ಸೆ ಕೊಡುತ್ತಿದ್ದ ಸಂಧಿವಾತ ತಜ್ಞರು.

ಕೈಯಲ್ಲಿ ದಪ್ಪ ಫೈಲು. ರಕ್ತಕಣಗಳ ಎಣಿಕೆಯ ಸಿಬಿಸಿ, ಉರಿಯೂತ ತೋರಿಸುವ ಇಎಸ್‌ಆರ್ ಮತ್ತು ಸಿಆರ್‌ಪಿ, ಸಂಧಿವಾತ ಹುಡುಕುವ ಆರ್‌ಎ ಫ್ಯಾಕ್ಟರ್ ಮತ್ತು ಆಂಟಿ ಸಿಸಿಪಿ, ಥೈರಾಯ್ಡ್, ಸ್ನಾಯುಹಾನಿ ತೋರಿಸುವ ಸಿಕೆ ಎಲ್ಲವೂ ಸರಿಯಾಗಿದ್ದವು. ವಿಟಮಿನ್ ಡಿ ಕಡಿಮೆ ಇತ್ತು, ಅದನ್ನು ಸರಿಪಡಿಸಿದ ಮೇಲೂ ನೋವು ಕದಲಲಿಲ್ಲ. ತಿಂಗಳುಗಟ್ಟಲೆ ಕೀಲುನೋವು ಉಳಿಸಿಹೋಗುವ ಚಿಕೂನ್‌ಗುನ್ಯ ಬಂದಿರಲಿಲ್ಲ. ಕೆಲವರಲ್ಲಿ ಸ್ನಾಯುನೋವು ತರುವ, ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಯೂ ನಡೆಯುತ್ತಿರಲಿಲ್ಲ. ತಜ್ಞರು ಫೈಬ್ರೊಮಯಾಲ್ಜಿಯಾ, ಅಂದರೆ ಮೈಯೆಲ್ಲ ನೋವು, ದಣಿವು, ನಿದ್ದೆಗೇಡು ತರುವ ದೀರ್ಘಕಾಲದ ಕಾಯಿಲೆ, ಎಂದು ಬರೆದಿದ್ದರು. ಅದನ್ನು ತೋರಿಸಿಕೊಡುವ ರಕ್ತಪರೀಕ್ಷೆಯಾಗಲಿ ಎಕ್ಸ್‌ರೇಯಾಗಲಿ ಇಲ್ಲ. ಮೈಯ 19 ಜಾಗಗಳ ಪೈಕಿ ಎಷ್ಟರಲ್ಲಿ ನೋವಿದೆ, ದಣಿವು, ನಿದ್ದೆ, ಗಮನಶಕ್ತಿ ಎಷ್ಟು ಕೆಟ್ಟಿವೆ, ಇದೆಲ್ಲ ಕನಿಷ್ಠ 3 ತಿಂಗಳು ಇದೆಯೇ ಎಂದು ಕೇಳಿ, ಮೈ ಪರೀಕ್ಷಿಸಿ ವೈದ್ಯರು ನಿರ್ಧರಿಸುತ್ತಾರೆ.

"ಎಲ್ಲಾ ನಾರ್ಮಲ್ ಅಂತ ಡಾಕ್ಟ್ರೇ ಹೇಳವ್ರಲ್ಲ, ಇನ್ನೇನವ್ವಾ ನೋವು?" ಇದು ಅತ್ತೆಯ ಮಾತು. ಶಿಕ್ಷಕಿಯ ಮಾತು ಅದಕ್ಕಿಂತ ಕಷ್ಟದ್ದು: "ನನಗೇ ಅನುಮಾನ ಬಂದುಬಿಟ್ಟಿದೆ ಮೇಡಂ, ನಾನೇ ನಾಟಕ ಮಾಡ್ತಿದೀನಾ ಅಂತ."

ಮೊದಲ ಭೇಟಿಯ ಬಹುಪಾಲು ಈ ಅನುಮಾನ ಕಳೆಯಲೇ ಬೇಕಾಯಿತು. ಅದು ಉಳಿದರೆ ಮುಂದೆ ಹೇಳುವ ಯಾವ ಸಲಹೆಯೂ ತಲೆಗೆ ಇಳಿಯುವುದಿಲ್ಲ. ಕೀಲಿಗೋ ಸ್ನಾಯುವಿಗೋ ಹಾನಿ ಆಗಿಲ್ಲ ಎಂದು ರಿಪೋರ್ಟ್ ಹೇಳುತ್ತದೆಯೇ ಹೊರತು ನೋವೇ ಇಲ್ಲ ಎಂದಲ್ಲ. ಇಲ್ಲಿ ಹದಗೆಟ್ಟಿರುವುದು ನೋವಿನ ಸುದ್ದಿಯನ್ನು ಅಳೆಯುವ ನರವ್ಯವಸ್ಥೆ. ಒಮ್ಮೆ ಕಳ್ಳ ಹೊಕ್ಕುಹೋದ ಮನೆಯ ನಾಯಿ ಆಮೇಲೆ ಪೇಪರ್ ಹಾಕುವ ಹುಡುಗನಿಗೂ ಬೊಗಳುತ್ತದೆ. ಬೊಗಳುವುದು ನಿಜ, ಕಳ್ಳ ಮಾತ್ರ ಇಲ್ಲ. ಇಂಥ ನೋವಿಗೆ ಅಂತರರಾಷ್ಟ್ರೀಯ ನೋವು ಅಧ್ಯಯನ ಸಂಘ 2017ರಲ್ಲಿ 'ನೋಸಿಪ್ಲಾಸ್ಟಿಕ್' ಎಂಬ ಪ್ರತ್ಯೇಕ ಹೆಸರನ್ನೇ ಒಪ್ಪಿಕೊಂಡಿದೆ. ಎರಡನೇ ಭೇಟಿಗೆ ಗಂಡನನ್ನೂ ಕರೆಸಿ ಇದನ್ನೇ ಹೇಳಲಾಯಿತು.

ಉಲ್ಬಣಕ್ಕೆ ಕಾರಣವೇನು ಎಂದು ಕೇಳಿದಾಗ "ಏನೂ ಇಲ್ಲ, ಸುಮ್ಮನೆ ಬಂತು" ಎಂದರು. ಹಿಂದಿನ ಹತ್ತು ದಿನ ಏನೇನು ಮಾಡಿದಿರಿ ಎಂದು ದಿನವಾರು ಬರೆಸಿದಾಗ ಚಿತ್ರ ಬೇರೆಯಾಯಿತು. ವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ನೆಲದ ಮೇಲೆ ಕೂತು ರಾತ್ರಿ ಒಂದರವರೆಗೆ ತಿದ್ದಿದ್ದರು. ನೋವು ತುಸು ಕಡಿಮೆ ಇದ್ದ ಶನಿವಾರ ಅಟ್ಟ ಇಳಿಸಿ, ಗೋಡೆಯ ಧೂಳು ಹೊಡೆದು, ಪರದೆಗಳನ್ನೆಲ್ಲ ಒಗೆದು ಹಿಂಡಿದ್ದರು. ಆ ದಿನ ಏನೂ ಆಗಲಿಲ್ಲ. ನೋವು ಏರಿದ್ದು ಸೋಮವಾರ. ಈ ಒಂದೆರಡು ದಿನದ ಅಂತರದಿಂದಲೇ ಎಷ್ಟೋ ಜನರಿಗೆ ಕೆಲಸಕ್ಕೂ ನೋವಿಗೂ ಇರುವ ನಂಟು ಕಾಣುವುದಿಲ್ಲ. ನೋವು ಕಡಿಮೆಯಿದ್ದ ದಿನ ಬಾಕಿಯನ್ನೆಲ್ಲ ತೀರಿಸುವುದು, ಆಮೇಲೆ ದಿನಗಟ್ಟಲೆ ಮಲಗುವುದು, ಮಲಗಿದ್ದರಿಂದ ಸ್ನಾಯು ಸೋತು ಮುಂದಿನ ಸಲ ಇನ್ನೂ ಸಣ್ಣ ಕೆಲಸಕ್ಕೇ ನೋವು ಏರುವುದು. ಎರಡು ವರ್ಷ ನಡೆದದ್ದು ಇದೇ ಸುತ್ತು.

ಆದ್ದರಿಂದ ಕೆಲಸದ ಅಳತೆಯನ್ನು ನೋವಿನ ಕೈಯಿಂದ ಗಡಿಯಾರದ ಕೈಗೆ ಕೊಡಬೇಕಿತ್ತು. ನಿಂತು ತರಕಾರಿ ಹೆಚ್ಚುವುದನ್ನು ಮೊದಲು ಆರಿಸಿಕೊಂಡರು. ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಟ್ಟು, ಅದು ಎರಡು ಅಂಕ ಏರುವಷ್ಟರಲ್ಲಿ ಎಷ್ಟು ನಿಮಿಷವಾಯಿತು ಎಂದು ಬೇರೆ ಬೇರೆ ಮೂರು ದಿನ ನೋಡಿದರು: 22, 14, 18. ಸರಾಸರಿ 18. ಅದರಲ್ಲಿ ಐದರಲ್ಲೊಂದು ಪಾಲು ಕಳೆದರೆ ಸುಮಾರು 14 ನಿಮಿಷ. ಮೊಬೈಲಿನಲ್ಲಿ 14 ನಿಮಿಷಕ್ಕೆ ಅಲಾರಂ ಇಟ್ಟು, ಅದು ಹೊಡೆದ ಕೂಡಲೇ ಇನ್ನೆರಡು ಬೀನ್ಸ್ ಉಳಿದಿದ್ದರೂ ಚಾಕು ಕೆಳಗಿಟ್ಟು ಕೂರಬೇಕು. ಜನ ಎಡವುವುದು ಇಲ್ಲೇ, "ಇನ್ನೇನು ಮುಗೀತು" ಎಂದು. ನೋವಿಲ್ಲದ ದಿನವೂ 14, ನೋವಿದ್ದ ದಿನವೂ ಆದಷ್ಟೂ 14. ವಾರವಿಡೀ ನೋವು ಏರದಿದ್ದರೆ ಮುಂದಿನ ವಾರ ಒಂದು ನಿಮಿಷ ಸೇರಿಸಬಹುದು. ಒಂದು ವಿಷಯ ಇಲ್ಲಿ ಹೇಳಲೇಬೇಕು: ಸಣ್ಣ ಕೆಲಸದ ಮರುದಿನ ನೋವಿಗಿಂತ ಸುಸ್ತೇ ಮೇಲಾಗಿ ದಿನಗಟ್ಟಲೆ ಏಳಲಾಗದವರಿಗೆ ಹೀಗೆ ಹೆಚ್ಚಿಸುತ್ತ ಹೋಗುವುದು ಕೆಡುಕು ಮಾಡಬಹುದು. ಅಂಥವರು ಮೊದಲು ವೈದ್ಯರಿಗೆ ಅದನ್ನು ತಿಳಿಸಬೇಕು.

ಬೆಳಿಗ್ಗೆ ಸಂಜೆ ಆರಾರು ನಿಮಿಷ ನಡಿಗೆ ಗೊತ್ತುಮಾಡಲಾಯಿತು. ಯುರೋಪಿನ ಸಂಧಿವಾತ ತಜ್ಞರ ಒಕ್ಕೂಟ ಫೈಬ್ರೊಮಯಾಲ್ಜಿಯಾ ಸಲಹೆಗಳನ್ನು ಪರಿಷ್ಕರಿಸಿದಾಗ 'ಖಂಡಿತ ಮಾಡಿ' ಎಂದು ಬಲವಾಗಿ ಹೇಳಿದ್ದು ವ್ಯಾಯಾಮ ಒಂದಕ್ಕೇ, ಯಾವ ಮಾತ್ರೆಗೂ ಅಲ್ಲ. ಮನೆಗೆಲಸದಲ್ಲೂ ಸಣ್ಣ ಬದಲಾವಣೆಗಳಾದವು. ಒದ್ದೆ ಬಟ್ಟೆಯನ್ನು ಮುಂಗೈ ತಿರುಚಿ ಹಿಂಡುವ ಬದಲು ನಲ್ಲಿಗೆ ಸುತ್ತಿ ಎಳೆಯುವುದು, ತುಂಬಿದ ಬಕೆಟ್ ಒಂದರ ಬದಲು ಅರ್ಧರ್ಧ ಎರಡು, ಕುಕ್ಕರನ್ನು ಎರಡೂ ಕೈಯಿಂದ ಮೈಗೆ ಹತ್ತಿರ ಹಿಡಿದು ಎತ್ತುವುದು, ಉತ್ತರಪತ್ರಿಕೆಗಳನ್ನು ಮೇಜಿನ ಮೇಲಿಟ್ಟು ಹತ್ತು ಹತ್ತರ ಕಟ್ಟು ಮಾಡಿ ತಿದ್ದುವುದು.

ಉಲ್ಬಣ ಮತ್ತೆ ಬಂದೇ ಬರುತ್ತದೆ. ಬಂದಾಗ ಯೋಚಿಸಲು ತಲೆ ಓಡುವುದಿಲ್ಲ. ಹಾಗಾಗಿ ಏನು ಮಾಡಬೇಕೆಂಬುದನ್ನು ನೋವು ಕಡಿಮೆ ಇದ್ದ ದಿನವೇ ಅವರ ಕೈಯಲ್ಲೇ ಬರೆಸಿ ಬೀರುವಿನ ಬಾಗಿಲ ಒಳಗೆ ಅಂಟಿಸಲು ಹೇಳಲಾಯಿತು.

ಹಾಳೆಯ ತಲೆಯಲ್ಲೇ ಒಂದು ಪ್ರಶ್ನೆ: ಇದು ಹಳೆಯ ನೋವೇ, ಹೊಸದೇ? ಯಾವುದಾದರೂ ಕೀಲು ಊದಿ, ಕೆಂಪಾಗಿ, ಬಿಸಿಯಾಗಿದ್ದರೆ, ಜ್ವರವಿದ್ದರೆ, ಮೈಮೇಲೆ ಗಂಧೆ ಎದ್ದರೆ, ಕೈ ಮೇಲೆತ್ತಲು ಅಥವಾ ಕೂತಲ್ಲಿಂದ ಏಳಲು ಬಲವೇ ಇಲ್ಲದಂತಾದರೆ, ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ, ಒಂದೇ ಕಾಲಿನ ಮೀನಖಂಡ ಊದಿದರೆ ಈ ಹಾಳೆ ಬಿಟ್ಟು ಅವತ್ತೇ ವೈದ್ಯರ ಬಳಿ ಹೋಗಬೇಕು. ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೂ, ಬೆಳಗಿನ ಬಿಗಿತ ದಿನವೂ ಗಂಟೆಗೂ ಮೀರಿ ಉಳಿಯುತ್ತಿದ್ದರೂ ತಜ್ಞರಿಗೆ ಮತ್ತೆ ತೋರಿಸಬೇಕು.

ಮೊದಲ ಎರಡು ದಿನ ಕೆಲಸ ಅರ್ಧ, ಆದರೆ ಪೂರ್ತಿ ನಿಲ್ಲಿಸುವಂತಿಲ್ಲ. ನಡಿಗೆ ಮೂರು ನಿಮಿಷ, ಮನೆಯೊಳಗೇ ಆದರೂ ಸರಿ. ಹಗಲು ಒಮ್ಮೆಗೆ ಅರ್ಧ ಗಂಟೆಗಿಂತ ಹೆಚ್ಚು ಮಲಗಬಾರದು. ಮಲಗಿದಲ್ಲೇ ಮಂಡಿ ಮಡಿಸಿ ಬಿಡಿಸುವುದು ಐದು ಸಲ, ಭುಜ ತಿರುಗಿಸುವುದು ಐದು ಸಲ. ಬಿಸಿನೀರಿನ ಚೀಲಕ್ಕೆ ಟವೆಲ್ ಸುತ್ತಿ 15ರಿಂದ 20 ನಿಮಿಷ ಇಡಬಹುದು, ಇಟ್ಟುಕೊಂಡೇ ನಿದ್ದೆ ಹೋಗಬಾರದು (ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರು ಕಾಲಿಗೆ ಇದನ್ನು ಇಡಲೇಬಾರದು). ನಾಲ್ಕು ಎಣಿಸುತ್ತ ಉಸಿರು ತೆಗೆದು ಆರು ಎಣಿಸುತ್ತ ಬಿಡುವುದು, ಹತ್ತು ನಿಮಿಷ. ಮಧ್ಯಾಹ್ನದ ನಂತರ ಕಾಫಿ ಟೀ ಬೇಡ, ರಾತ್ರಿ ಎಷ್ಟೇ ನಿದ್ದೆಗೆಟ್ಟರೂ ಏಳುವ ಹೊತ್ತು ಬದಲಾಗಬಾರದು. ಮೂರನೇ ದಿನದಿಂದ ದಿನಕ್ಕಿಷ್ಟು ಸೇರಿಸುತ್ತ ವಾರದಲ್ಲಿ ಮೊದಲಿನ ಅಳತೆಗೆ ಬರಬೇಕು.

ಮುಖ್ಯಶಿಕ್ಷಕಿಗೆ ಕಳಿಸುವ ಸಂದೇಶವನ್ನೂ ಅದೇ ಹಾಳೆಯಲ್ಲಿ ಬರೆದಿಟ್ಟರು: "ಮೇಡಂ, ಇವತ್ತು ನೋವು ಜಾಸ್ತಿ ಇದೆ. ಪಾಠ ಮಾಡ್ತೀನಿ, ಕೂತು ಮಾಡ್ತೀನಿ. ಬೋರ್ಡ್ ಮೇಲೆ ಬರೆಯೋದು, ಪ್ರಾರ್ಥನೆಗೆ ನಿಲ್ಲೋದು ಎರಡು ದಿನ ಬೇಡ." ಕ್ಷಮೆ ಕೇಳುವ ಸಾಲನ್ನು ಮೊದಲು ಸೇರಿಸಿದ್ದರು, ಆಮೇಲೆ ತಾವೇ ಹೊಡೆದುಹಾಕಿದರು. ಒಳ್ಳೆಯದೇ ಆಯಿತು. ಗಂಡನಿಗೆ ಹೇಳಿದ್ದು, "ನೋವು ಹೇಗಿದೆ" ಎಂದು ಗಳಿಗೆಗೊಮ್ಮೆ ಕೇಳುವುದು ಬೇಡ, "ಯಾವ ಕೆಲಸ ನಾನು ಮಾಡ್ಲಿ" ಎಂದು ಕೇಳಿ.

ಮಾತ್ರೆಯ ವಿಷಯದಲ್ಲಿ ಎರಡು ಎಡವಟ್ಟು ಕಂಡವು. ತಜ್ಞರು ರಾತ್ರಿಗೆ ಅಮಿಟ್ರಿಪ್ಟಿಲಿನ್ 10 ಮಿಲಿಗ್ರಾಂ ಬರೆದಿದ್ದರು. ಇವರು ಅದನ್ನು ನೋವಿನ ಮಾತ್ರೆ ಎಂದುಕೊಂಡು ನೋವು ಹೆಚ್ಚಾದ ದಿನ ಮಾತ್ರ ನುಂಗುತ್ತಿದ್ದರು. ಅದು ದಿನವೂ ತೆಗೆದುಕೊಂಡರೆ ವಾರಗಳ ಮೇಲೆ ಗುಣ ಕಾಣುವ ಔಷಧ. ಬೆಳಿಗ್ಗೆ ಮಂಪರು ಎಂದು ಬಿಟ್ಟಿದ್ದೂ ಉಂಟು. ವೈದ್ಯರನ್ನು ಕೇಳಿದಾಗ ಮಲಗುವ ಹೊತ್ತಿನ ಬದಲು ರಾತ್ರಿ ಎಂಟಕ್ಕೇ ತೆಗೆದುಕೊಳ್ಳಲು ಹೇಳಿದರು, ಮಂಪರು ಇಳಿಯಿತು. ಇನ್ನೊಂದು, ಮೆಡಿಕಲ್ ಶಾಪಿನಿಂದ ತಾವೇ ತಂದ ಡೈಕ್ಲೊಫೆನಾಕ್ ಮತ್ತು ಪ್ಯಾರಾಸಿಟಮಾಲ್ ಕೂಡಿದ ಮಾತ್ರೆ, ಅದರ ಮೇಲೆ 650ರ ಪ್ಯಾರಾಸಿಟಮಾಲ್ ಬೇರೆ. ಇಂಥ ನೋವಿಗೆ ಡೈಕ್ಲೊಫೆನಾಕ್ ಅಷ್ಟಾಗಿ ನಾಟುವುದಿಲ್ಲ, ಹೊಟ್ಟೆಗೂ ಮೂತ್ರಪಿಂಡಕ್ಕೂ ಪೆಟ್ಟು ಕೊಡುತ್ತದೆ. ಪ್ಯಾರಾಸಿಟಮಾಲ್ ಎಲ್ಲ ಮಾತ್ರೆಗಳಿಂದ ಸೇರಿ ದಿನಕ್ಕೆ 4 ಗ್ರಾಂ ದಾಟಿದರೆ ಯಕೃತ್ತಿಗೆ ಅಪಾಯ. ಹೆಸರಿಲ್ಲದ ಪುಡಿ, ಗುಳಿಗೆ ಯಾರಾದರೂ ಕೊಟ್ಟರೆ ಮುಟ್ಟಬಾರದು, ಸ್ಟೀರಾಯ್ಡ್ ಬೆರೆತಿರಬಹುದು. ವಾರಗಟ್ಟಲೆ ಆಗಲೇ ತೆಗೆದುಕೊಂಡಿದ್ದರೆ ಥಟ್ಟನೆ ನಿಲ್ಲಿಸದೆ ವೈದ್ಯರಿಗೆ ಹೇಳಬೇಕು.

"ಹಿಂಗೆ ಬದುಕೋದಕ್ಕಿಂತ..." ಎಂದು ಅರ್ಧಕ್ಕೆ ನಿಲ್ಲಿಸಿದಾಗ, ಸಾಯುವ ಯೋಚನೆ ಬರುತ್ತದೆಯೇ, ಹೇಗೆ ಎಂದು ಯೋಚಿಸಿದ್ದೀರಾ ಎಂದು ನೇರವಾಗಿ ಕೇಳಲಾಯಿತು. ಹಾಗೆ ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕೀತು ಎಂಬ ಭಯ ಬೇಡ, ಕೇಳದಿರುವುದೇ ಅಪಾಯ. ಬೇಸರ ಇತ್ತು, ಯೋಜನೆ ಇರಲಿಲ್ಲ. ಆದರೂ ಹಾಳೆಯ ಕೊನೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416 ಬರೆಸಲಾಯಿತು. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು, ಶುಲ್ಕವಿಲ್ಲ.

ಗೌರಿ ಹಬ್ಬದ ಹೊತ್ತಿಗೆ ಮತ್ತೊಂದು ಉಲ್ಬಣ ಬಂತು. ಈ ಸಲ ಒಂದು ದಿನ ರಜೆ ಹಾಕಿ, ಮರುದಿನ ಕುರ್ಚಿಯಲ್ಲಿ ಕೂತು ಪಾಠ ಮಾಡಿದರು. ನೋವು ಹೋಗಿಲ್ಲ. ನಡಿಗೆ ಈಗ ಹೊತ್ತಿಗೆ 15 ನಿಮಿಷಕ್ಕೆ ಬಂದಿದೆ, ಅಟ್ಟ ಇಳಿಸುವುದು ಮಕ್ಕಳ ಪಾಲಿಗೆ ಹೋಗಿದೆ.