ಕಲ್ಲಿನ ಕೆಲಸ ಅರ್ಧ ಆಗಿದೆ, ಮರಗೆಲಸದ ಆಚಾರಿಯನ್ನು ಈಗಲೇ ಕರೆಸಬಹುದಾ?

ನೀವು ಕೇಳಿದ್ದು: ಸಾಗರದ ಹತ್ತಿರ ಅಜ್ಜನ ಕಾಲದ ಮನೆ, ಜಂಬಿಟ್ಟಿಗೆ (ಕೆಂಪು ಮುರಕಲ್ಲು) ಗೋಡೆ. ರಿಪೇರಿ ನಡೆಯುತ್ತಿದೆ, ಒಳಗೆ ಶಹಾಬಾದ್ ಕಲ್ಲು ಅರ್ಧ ಹಾಸಿದ್ದಾರೆ. ಯುಗಾದಿಗೆ ಪೂಜೆ. ಬಾಗಿಲು, ಕಿಟಕಿ, ಗೋಡೆ ಕಪಾಟಿನ ಕೆಲಸವನ್ನೂ ಈಗಲೇ ಶುರು ಮಾಡಿಸಿದರೆ ಸಮಯ ಉಳಿಯುತ್ತದಾ?

ಆಚಾರಿಯನ್ನು ಕರೆಸಿ, ಆದರೆ ಚೌಕಟ್ಟಿಗೆ ಮಾತ್ರ. ಬಾಗಿಲ ಹಲಗೆ, ಚೌಕಟ್ಟಿನ ಸುತ್ತಲಿನ ಪಟ್ಟಿ, ಮರದ ಪಾಲಿಶ್, ಇವೆಲ್ಲ ನೀರಿನ ಕೆಲಸ ಮುಗಿದು ಮನೆ ಒಣಗಿದ ಮೇಲೆ. ನಮ್ಮದೂ ತೀರ್ಥಹಳ್ಳಿ ಕಡೆ ಇಂಥದೇ ಮನೆ, ಇದೇ ಹಂತ ದಾಟಿದೆ. ಅದಕ್ಕೇ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಕಲ್ಲು ಹಾಸುವಾಗ ಮನೆಯೊಳಗೆ ಎಷ್ಟು ನೀರು ಸೇರುತ್ತದೆ ಅಂತ ನಮಗೆ ಅಂದಾಜೇ ಇರುವುದಿಲ್ಲ. ಗಾರೆ ಕಲಸಲು ನೀರು, ಹಾಸಿದ ಮೇಲೆ ಕ್ಯೂರಿಂಗ್‌ಗೆ ನೀರು, ಆಮೇಲೆ ಕಲ್ಲು ಉಜ್ಜುವ ಪಾಲಿಶ್ ಮಿಷನ್ನಿಗೆ ನೀರು. ಆ ಮಿಷನ್ ಓಡುವಾಗ ಬೂದು ಬಣ್ಣದ ರಾಡಿ ಪಕ್ಕಕ್ಕೆಲ್ಲ ಸಿಡಿಯುತ್ತದೆ. ಪಾಲಿಶ್ ಆಗದ ಮರಕ್ಕೆ ಅದು ತಾಗಿ ಒಣಗಿದರೆ ಕಲೆ ಹೋಗುವುದು ಕಷ್ಟ. ಹಾಗಾಗಿ ನೆಲ ಉಜ್ಜುವ ಸುತ್ತುಗಳೆಲ್ಲ ಮೊದಲೇ ಮುಗಿಯಲಿ. ಮರದ ಕೆಲಸ ಆದಮೇಲೆ ಕೊನೆಯ ಮೆರುಗಿನ ಸುತ್ತು ಒಂದನ್ನು ಮಾತ್ರ ಹೊಡೆಸಿ. ಗಾರೆಯವರ ಹತ್ತಿರ ಇದನ್ನು ಈಗಲೇ ಮಾತಾಡಿಟ್ಟುಕೊಳ್ಳಿ, ಆಮೇಲೆ ಅವರು ಸಿಗುವುದಿಲ್ಲ.

ಉಳಿದ ಅರ್ಧ ಹಾಸುವ ಮುಂಚೆ ಎತ್ತರ ನೋಡಿ. ಕಲ್ಲು ಸುಮಾರು ಒಂದಿಂಚು, ಕೆಳಗಿನ ಗಾರೆ ಒಂದೂವರೆಯಿಂದ ಎರಡಿಂಚು. ಹಳೆ ನೆಲ ಅಗೆಯದೆ ಮೇಲೆಯೇ ಹಾಸಿದರೆ ನೆಲ ಹೆಚ್ಚುಕಡಿಮೆ ಮೂರಿಂಚು ಏರುತ್ತದೆ. ನಮ್ಮ ಕಡೆ ಹಳೆ ಮನೆ ಬಾಗಿಲು ಮೊದಲೇ ಗಿಡ್ಡ, ತಲೆ ತಗ್ಗಿಸಿಯೇ ಒಳಗೆ ಹೋಗಬೇಕು. ಹೊಸ್ತಿಲೂ ಮುಚ್ಚಿಹೋದರೆ ಚೆನ್ನಾಗಿರಲ್ಲ. ಬಾಗಿಲ ಹಲಗೆಯ ಅಳತೆಯನ್ನು ನೆಲ ಮುಗಿದ ಮೇಲೆಯೇ ತೆಗೆಸಿ.

ಚೌಕಟ್ಟಿನ ಬುಡವನ್ನು ಹಸಿ ಗಾರೆಯಲ್ಲಿ ಹೂಳಲು ಬಿಡಬೇಡಿ. ಮರ ಕೊಯ್ದ ತುದಿಯಿಂದಲೇ ಜಾಸ್ತಿ ನೀರು ಎಳೆಯುತ್ತದೆ, ಗೆದ್ದಲಿಗೂ ಅದೇ ದಾರಿ. ಹಳಬರು ಮರದ ಕಂಬವನ್ನು ಕಲ್ಲಿನ ಮೇಲೆ ನಿಲ್ಲಿಸುತ್ತಿದ್ದುದು ಸುಮ್ನೆ ಚೆಂದಕ್ಕಲ್ಲ. ನಿಮ್ಮ ಜಗಲಿಯಲ್ಲೂ ಅಂಥ ಕಂಬ ಇದ್ದರೆ ಬುಡದ ಕಲ್ಲು ಹೊಸ ನೆಲದಲ್ಲಿ ಮುಳುಗದ ಹಾಗೆ ನೋಡಿಕೊಳ್ಳಿ.

ನನಗೆ ಬಹಳ ಇಷ್ಟವಾದ ಕೆಲಸ ಅಂದರೆ ಕಲ್ಲಿಗೆ ಮರ ಕೂಡಿಸುವುದು. ಗಿಲಾವು ಮಾಡದ ಜಂಬಿಟ್ಟಿಗೆ ಗೋಡೆ ಎಲ್ಲೂ ನೇರ ಇರುವುದಿಲ್ಲ. ನೇರ ಪಟ್ಟಿ ಇಟ್ಟರೆ ನಡುವೆ ಸಂದು ಬೀಳುತ್ತದೆ. ಹೆಚ್ಚಿನವರು ಅದಕ್ಕೆ ಪುಟ್ಟಿ ಮೆತ್ತಿ ಮುಗಿಸುತ್ತಾರೆ, ವರ್ಷದೊಳಗೆ ಅದು ಬಿರಿಯುತ್ತದೆ. ನಮ್ಮ ಆಚಾರಿ ಪಟ್ಟಿಯನ್ನು ಗೋಡೆಗೆ ಒತ್ತಿ ಹಿಡಿದು, ಒಂದು ಸಣ್ಣ ಮರದ ಚೂರಿಗೆ ಪೆನ್ಸಿಲ್ ಒತ್ತಿಕೊಂಡು, ಆ ಚೂರನ್ನು ಕಲ್ಲಿಗೆ ತಾಗಿಸುತ್ತಾ ಮೇಲಿಂದ ಕೆಳಗೆ ಎಳೆದರು. ಕಲ್ಲಿನ ಉಬ್ಬುತಗ್ಗೆಲ್ಲ ಹಾಗೇ ಪಟ್ಟಿಯ ಮೇಲೆ ಗೆರೆಯಾಗಿ ಬಂತು. ಆ ಗೆರೆಯ ಮೇಲೆ ಕೊಯ್ದು, ಉಳಿಯಲ್ಲಿ ಹಿಂಬದಿ ಸ್ವಲ್ಪ ಕೆತ್ತಿ ಕೂರಿಸಿದರೆ ಉಗುರು ತೂರುವಷ್ಟೂ ಜಾಗ ಇಲ್ಲ! ನಿಮ್ಮ ಆಚಾರಿಗೆ ಇದು ಬರುತ್ತದಾ ಕೇಳಿ. ಬಂದರೆ ಕೂಲಿ ಜಾಸ್ತಿ ಕೇಳಿದರೂ ಕೊಡಿ, ಅಷ್ಟು ಬೆಲೆ ಇರುವ ಕೆಲಸ ಅದು.

ನೆಲ ಒಣಗಿದೆಯಾ ಅಂತ ನೋಡಲು ಒಂದು ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಾಕಿ ನೆಲಕ್ಕೆ ಅಂಟಿಸಿ. ಬೆಳಿಗ್ಗೆ ಎದ್ದು ನೋಡಿದಾಗ ಒಳಗೆ ಬೆವರಿನ ಹನಿ ಇದ್ದರೆ ಇನ್ನೂ ಕಾಯಬೇಕು.

ಯುಗಾದಿಯ ವಿಷಯ. ಆಗ ನಮ್ಮಲ್ಲಿ ಬಿಸಿಲಿಗೆ ಮರ ಒಣಗಿ ಕುಗ್ಗಿರುತ್ತದೆ. ಆಗ ಬಿಗಿಯಾಗಿ ಕೂರಿಸಿದ ಬಾಗಿಲು ಆಷಾಢದ ಮಳೆಗೆ ಉಬ್ಬಿ ಮುಚ್ಚಲೂ ಬರುವುದಿಲ್ಲ. ಆಮೇಲೆ ಹತ್ತರಿ ಹೊಡೆಸಿ ಅಂಚು ಸವೆಸಿದರೆ ಬೇಸಿಗೆಯಲ್ಲಿ ಸಂದು. ಸುತ್ತಲೂ ಸುಮಾರು 3 ಮಿ.ಮೀ. ಬಿಟ್ಟೇ ಕೂರಿಸಲಿ. ಪಾಲಿಶ್ ಹಚ್ಚುವಾಗ ಬಾಗಿಲಿನ ಮೇಲಿನ, ಕೆಳಗಿನ ಅಂಚನ್ನು ಬಿಡುವುದು ಹಲವರ ಅಭ್ಯಾಸ. ಹಚ್ಚಲೇಬೇಕು ಅಂತ ಹೇಳಿ, ಆ ಅಂಚಿನಿಂದಲೇ ತೇವ ಒಳಗೆ ಹೋಗುವುದು. ಪೂಜೆಗೆ ಹಳೆ ಬಾಗಿಲನ್ನೇ ತಾತ್ಕಾಲಿಕವಾಗಿ ಹಾಕಿಸಿ, ತೋರಣ ಕಟ್ಟಿ. ಹೊಸ ಬಾಗಿಲು ಆಮೇಲೆ ಬರಲಿ, ಆದರೆ ಮಳೆಗಾಲ ಹಿಡಿಯುವ ಮುಂಚೆ.

ಇನ್ನೊಂದು. ಕೆಲಸ ಮುಗಿದ ದಿನ ಸಿಮೆಂಟ್ ಕಲೆ ತೆಗೆಯಲು ಆಸಿಡ್ ತರುತ್ತಾರೆ. ಶಹಾಬಾದ್ ಸುಣ್ಣದ ಜಾತಿಯ ಕಲ್ಲು, ಆಸಿಡ್ ಬಿದ್ದಲ್ಲಿ ನೊರೆ ಬಂದು ಮೆರುಗು ಹೋಗುತ್ತದೆ. ಗ್ರಾನೈಟ್‌ಗೆ ನಡೆಯುವುದು ಇದಕ್ಕೆ ನಡೆಯಲ್ಲ. ಅವತ್ತು ನೀವೇ ಅಲ್ಲಿರಿ, ನೀರು ಮತ್ತು ಬ್ರಷ್‌ನಲ್ಲೇ ಉಜ್ಜಿಸಿ. ಅಡುಗೆಮನೆಯಲ್ಲೂ ಇದೇ ಕಲ್ಲು ಹಾಕಿದರೆ ನಿಂಬೆರಸ, ಹುಣಸೆ ನೀರು ಚೆಲ್ಲಿದ ಕೂಡಲೇ ಒರೆಸಬೇಕು ಅಂತ ಮನೆಯವರಿಗೂ ಹೇಳಿಡಿ.