ಆಟೊಮನ್ ವಿದ್ವಾಂಸ ಎಬುಸ್ಸೂದ್ ಎಫೆಂದಿ ಯಾರು? ಅವರು ಏಕೆ ಮುಖ್ಯ?

ಎಬುಸ್ಸೂದ್ ಎಫೆಂದಿ (1490–1574) ಆಟೊಮನ್ ಸಾಮ್ರಾಜ್ಯದ ಅತಿ ಪ್ರಭಾವಿ ಧರ್ಮಪಂಡಿತರಲ್ಲಿ ಒಬ್ಬರು. ಮದರಸಾದಲ್ಲಿ ಪಾಠ ಹೇಳಿ, ಬುರ್ಸಾ ಮತ್ತು ಇಸ್ತಾಂಬುಲ್‌ಗಳಲ್ಲಿ ಖಾಜಿಯಾಗಿ (ನ್ಯಾಯಾಧೀಶರಾಗಿ), 1545ರಲ್ಲಿ ಶೇಖ್-ಉಲ್-ಇಸ್ಲಾಂ, ಅಂದರೆ ಸಾಮ್ರಾಜ್ಯದ ಅತ್ಯುನ್ನತ ಧರ್ಮಾಧಿಕಾರಿ, ಆದರು. ಸುಲ್ತಾನ್ ಸುಲೇಮಾನ್ ಕಾಲದಲ್ಲಿ ಏರಿದ ಆ ಪೀಠದಲ್ಲಿ ಸಾಯುವವರೆಗೂ ಇದ್ದರು. ಕುರಾನಿಗೆ ಅರಬ್ಬಿಯಲ್ಲಿ ದೊಡ್ಡ ವ್ಯಾಖ್ಯಾನವನ್ನೂ ಬರೆದರು.

ನನಗೆ ಕುತೂಹಲ ಹುಟ್ಟಿಸುವುದು ಅವರ ಫತ್ವಾಗಳು, ಅಂದರೆ ಧರ್ಮಶಾಸ್ತ್ರದ ಪ್ರಶ್ನೆಗಳಿಗೆ ಅವರು ಕೊಟ್ಟ ಉತ್ತರಗಳು. ಪ್ರಶ್ನೆಯಲ್ಲಿ ನಿಜವಾದ ಹೆಸರಿರುತ್ತಿರಲಿಲ್ಲ. ಗಂಡಸಾದರೆ ಜೈದ್, ಅಮ್ರ್, ಹೆಂಗಸಾದರೆ ಹಿಂದ್. ಉತ್ತರ ಹಲವು ಸಲ ಒಂದೇ ಪದ: ‘ಆಗುತ್ತದೆ’ ಅಥವಾ ‘ಆಗದು’.

ಅವರ ವಿಚಾರ ತಿಳಿಯಲು ನಗದು ವಕ್ಫ್‌ನ ಜಗಳ ಸಾಕು. ಜನ ಜಮೀನಿನ ಬದಲು ಹಣವನ್ನೇ ದತ್ತಿಯಿಟ್ಟು, ಅದನ್ನು ಸಾಲ ಕೊಟ್ಟು, ಬಂದ ಲಾಭದಲ್ಲಿ ಮಸೀದಿ, ಶಾಲೆ ನಡೆಸುತ್ತಿದ್ದರು. ಇದು ಇಸ್ಲಾಂ ನಿಷೇಧಿಸಿದ ಬಡ್ಡಿಯೇ ಎಂದು ಅದೇ ಕಾಲದ ಪಂಡಿತ ಬಿರ್ಗಿವಿ ಮೆಹ್ಮದ್ ಕಟುವಾಗಿ ವಿರೋಧಿಸಿದರು. ಎಬುಸ್ಸೂದ್ ಮಾತ್ರ, ರೂಢಿಯಲ್ಲಿ ಬೇರೂರಿದ ಪದ್ಧತಿಯನ್ನು ಕಿತ್ತರೆ ಜನಹಿತಕ್ಕೇ ಪೆಟ್ಟು ಎಂದು ಅದನ್ನು ಎತ್ತಿಹಿಡಿದರು. ಸುಲ್ತಾನರ ಕಾನೂನನ್ನು ಷರಿಯತ್ತಿನೊಂದಿಗೆ ಹೊಂದಿಸುವ ಕೆಲಸದಲ್ಲೂ ಇದೇ ವ್ಯವಹಾರಬುದ್ಧಿ ಕಾಣುತ್ತದೆ. ಹಾಗೆಂದು ಅವರು ಉದಾರಿಯಲ್ಲ: ಕಿಜಿಲ್‌ಬಾಷ್ ಎಂಬ ಶಿಯಾ ಪಂಥದವರ ಮೇಲಿನ ಯುದ್ಧವನ್ನು ಸಮರ್ಥಿಸಿದ ಫತ್ವಾಗಳೂ ಅವರವೇ.