ವಿಸಿಟ್ ವೀಸಾದಲ್ಲಿ ದುಬೈಗೆ ಹೋಗಿ ಆಮೇಲೆ ವರ್ಕ್ ಪರ್ಮಿಟ್ ಮಾಡಿಸಿಕೊಳ್ಳಬಹುದೇ?

ನಿಮ್ಮ ಪ್ರಶ್ನೆ ಇದು: ಎಸಿ ಮೆಕ್ಯಾನಿಕ್, ಓದಿದ್ದು ಒಂಬತ್ತನೇ ಕ್ಲಾಸ್, ಪಾಸ್‌ಪೋರ್ಟ್ ಇಸಿಆರ್ (ಕೆಲವು ದೇಶಗಳಿಗೆ ಕೆಲಸಕ್ಕೆ ಹೋಗುವ ಮುಂಚೆ ಸರ್ಕಾರದ ಅನುಮತಿ ಬೇಕಾದ ಬಗೆ). ಏಜೆಂಟ್ 1.20 ಲಕ್ಷ ಕೇಳುತ್ತಿದ್ದಾನೆ. "ಮೊದಲು ವಿಸಿಟ್ ವೀಸಾದಲ್ಲಿ ಹೋಗು, ಅಲ್ಲಿ ಕಂಪನಿಯವರೇ ಬದಲಾಯಿಸಿ ಕೊಡ್ತಾರೆ" ಅಂತಾನೆ. ಹೋಗಬಹುದೇ?

ಹೋಗಬೇಡಿ. ಏಜೆಂಟ್ ಹೇಳಿದ್ದು ಪೂರ್ತಿ ಸುಳ್ಳಲ್ಲ, ಅದರಲ್ಲೇ ಇರುವುದು ಮೋಸ. ಯುಎಇ ಒಳಗಿದ್ದುಕೊಂಡೇ ವಿಸಿಟ್‌ನಿಂದ ಎಂಪ್ಲಾಯ್‌ಮೆಂಟ್ ವೀಸಾಗೆ ಬದಲಾಗಲು ಕಾನೂನಿನಲ್ಲಿ ಅವಕಾಶ ಇದೆ. ಆದರೆ ಕಂಪನಿ ನಿಮ್ಮ ಹೆಸರಿನಲ್ಲಿ ವರ್ಕ್ ಪರ್ಮಿಟ್ ತೆಗೆಯುವ ತನಕ ಒಂದು ದಿನ ಕೆಲಸ ಮಾಡಿದರೂ ಅದು ಅಕ್ರಮ. ಪರ್ಮಿಟ್ ಇಲ್ಲದೆ ದುಡಿಸಿಕೊಳ್ಳುವ ಮಾಲೀಕನಿಗೆ 2024ರ ತಿದ್ದುಪಡಿಯ ನಂತರ 1 ಲಕ್ಷದಿಂದ 10 ಲಕ್ಷ ದಿರ್ಹಂವರೆಗೆ ದಂಡ ಬೀಳಬಹುದು. ಸಿಕ್ಕಿಬಿದ್ದ ಕೆಲಸಗಾರನ ಪಾಲಿಗೆ ಗಡೀಪಾರು. ಕಂಪನಿ "ಟ್ರಯಲ್ ನೋಡ್ತೀವಿ" ಅಂತ ಎರಡು ತಿಂಗಳು ದುಡಿಸಿ ಕೈಬಿಟ್ಟರೆ ನಿಮ್ಮ ಹತ್ತಿರ ಕರಾರು ಇರುವುದಿಲ್ಲ, ಸಂಬಳದ ದಾಖಲೆಯೂ ಇರುವುದಿಲ್ಲ. ವೀಸಾ ಅವಧಿ ಮುಗಿದ ಮೇಲೆ ಉಳಿದ ಪ್ರತಿ ದಿನಕ್ಕೆ 50 ದಿರ್ಹಂ ದಂಡ ಬೇರೆ, ಅದು ನಿಮ್ಮ ತಲೆ ಮೇಲೆ.

ಇನ್ನೊಂದು ಕಾರಣ ನಿಮ್ಮ ಪಾಸ್‌ಪೋರ್ಟಿನಲ್ಲೇ ಇದೆ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್ ಆಗಿರುತ್ತದೆ. ಯುಎಇ, ಸೌದಿ, ಕತಾರ್, ಕುವೈತ್, ಒಮಾನ್, ಬಹ್ರೇನ್, ಮಲೇಷ್ಯಾ ಸೇರಿ 18 ದೇಶಗಳಿಗೆ ಕೆಲಸಕ್ಕೆಂದು ಹೋಗುವ ಇಸಿಆರ್‌ನವರು 1983ರ ಎಮಿಗ್ರೇಷನ್ ಕಾಯ್ದೆ ಪ್ರಕಾರ ಮೊದಲೇ ಕ್ಲಿಯರೆನ್ಸ್ (ಭಾರತ ಸರ್ಕಾರದ ಅನುಮತಿ) ಪಡೆಯಬೇಕು. ಟೂರಿಸ್ಟ್ ಆಗಿ ಹೋದರೆ ಅದು ಬೇಡ. ಏಜೆಂಟ್ ವಿಸಿಟ್ ವೀಸಾ ಹಿಡಿದುಕೊಂಡಿರುವುದು ಇದಕ್ಕೇ: ಕ್ಲಿಯರೆನ್ಸ್‌ಗೆ ಅರ್ಜಿ ಹಾಕಬೇಕಾದರೆ ಅವನಿಗೆ ಲೈಸೆನ್ಸ್ ಇರಬೇಕು, ನಿಮ್ಮ ಕರಾರು ತೋರಿಸಬೇಕು. ಇತ್ತ ಏರ್‌ಪೋರ್ಟ್ ಕೌಂಟರಿನಲ್ಲಿ ಇಸಿಆರ್ ಪಾಸ್‌ಪೋರ್ಟ್, ವಿಸಿಟ್ ವೀಸಾ, ಬ್ಯಾಗಿನಲ್ಲಿ ಗೇಜ್ ಸೆಟ್ಟು, ಸ್ಪ್ಯಾನರ್ ಕಂಡರೆ ಅಧಿಕಾರಿಗೆ ಬೇರೆ ಏನೂ ಹೇಳಬೇಕಿಲ್ಲ. ಅಲ್ಲೇ ವಾಪಸ್ ಕಳಿಸುತ್ತಾರೆ, ಟಿಕೆಟ್ ದುಡ್ಡು ಹೋದಂತೆ.

ಸರಿಯಾದ ಕ್ರಮ ಹೀಗಿದೆ: ಮೊದಲು ಯುಎಇ ಕಾರ್ಮಿಕ ಸಚಿವಾಲಯದ (ಎಲ್ಲರೂ "ಮೊಹ್ರೆ" ಅನ್ನುತ್ತಾರೆ) ಆಫರ್ ಲೆಟರ್, ಆಮೇಲೆ ವರ್ಕ್ ಪರ್ಮಿಟ್ ಮಂಜೂರಾತಿ, ಆಮೇಲೆ ಎಂಟ್ರಿ ಪರ್ಮಿಟ್, ಇಲ್ಲಿ ಇನ್ಶೂರೆನ್ಸ್ ಮತ್ತು ಕ್ಲಿಯರೆನ್ಸ್, ಕೊನೆಗೆ ಟಿಕೆಟ್. ಟಿಕೆಟ್ ಮೊದಲು ಬಂದರೆ ಏನೋ ಎಡವಟ್ಟಾಗಿದೆ ಎಂದೇ ತಿಳಿಯಿರಿ.

ಎಲ್ಲಕ್ಕಿಂತ ಹೆಚ್ಚು ಹೊತ್ತು ನೋಡಬೇಕಾದ ಕಾಗದ ಆಫರ್ ಲೆಟರ್. ಕಂಪನಿ ಲೆಟರ್‌ಹೆಡ್‌ನಲ್ಲಿ ಸೀಲ್ ಹೊಡೆದು ವಾಟ್ಸಾಪಿನಲ್ಲಿ ಕಳಿಸುವ ಕಾಗದ ಅದಲ್ಲ. ಮೊಹ್ರೆಯ ಆಫರ್‌ನಲ್ಲಿ ಬಾರ್‌ಕೋಡ್ ಇರುತ್ತದೆ, "ಎಂಬಿ" ಎಂದು ಶುರುವಾಗುವ ಟ್ರಾನ್ಸಾಕ್ಷನ್ ನಂಬರ್ ಇರುತ್ತದೆ. ಅದನ್ನು ಮೊಹ್ರೆ ವೆಬ್‌ಸೈಟಿನ ವಿಚಾರಣೆ ವಿಭಾಗದಲ್ಲಿ ಹಾಕಿ ಪರೀಕ್ಷಿಸಬಹುದು. ಅರೇಬಿಕ್, ಇಂಗ್ಲಿಷ್ ಜೊತೆಗೆ ಕೆಲಸಗಾರನಿಗೆ ಗೊತ್ತಿರುವ ಮೂರನೇ ಭಾಷೆಯಲ್ಲೂ ಅದು ಸಿಗುತ್ತದೆ. ಹಿಂದಿ, ಮಲಯಾಳಂ, ತಮಿಳು ಇವೆ, ಕನ್ನಡ ಇಲ್ಲ. ಓದಲು ಬಲ್ಲವರ ಹತ್ತಿರ ಸಾಲು ಸಾಲಾಗಿ ಓದಿಸಿಕೊಂಡೇ ಸಹಿ ಹಾಕಿ.

ಅದರಲ್ಲಿ ಒಟ್ಟು ಸಂಬಳಕ್ಕಿಂತ ಮೊದಲು ಬೇಸಿಕ್ (ಮೂಲ ಸಂಬಳ) ನೋಡಿ. ಉದಾಹರಣೆಗೆ ಎರಡು ಕಂಪನಿಗಳೂ 1,800 ದಿರ್ಹಂ ಅನ್ನುತ್ತವೆ ಎಂದಿಟ್ಟುಕೊಳ್ಳಿ. ಒಂದರಲ್ಲಿ ಬೇಸಿಕ್ 800, ಉಳಿದ 1,000 ಅಲವೆನ್ಸ್. ಇನ್ನೊಂದರಲ್ಲಿ ಬೇಸಿಕ್ 1,400. ತಿಂಗಳ ಕೊನೆಗೆ ಎರಡೂ ಒಂದೇ. ಆದರೆ ಓವರ್‌ಟೈಮ್ ಲೆಕ್ಕ ಬೇಸಿಕ್ ಮೇಲೆ, ಅದರ ಜೊತೆ ಶೇ 25 (ರಾತ್ರಿ 10ರಿಂದ ಬೆಳಗಿನ ಜಾವ 4ರವರೆಗಾದರೆ ಶೇ 50). 800 ಬೇಸಿಕ್‌ಗೆ ಗಂಟೆಗೆ ಸುಮಾರು 4.17 ದಿರ್ಹಂ, 1,400ಕ್ಕೆ ಸುಮಾರು 7.29. ನಿಮ್ಮದು ಎಸಿ ಕೆಲಸ, ಬೇಸಿಗೆಯಲ್ಲಿ ಓವರ್‌ಟೈಮ್ ತಪ್ಪಿದ್ದಲ್ಲ. ಕೆಲಸ ಬಿಡುವಾಗ ಬರುವ ಗ್ರಾಚ್ಯುಟಿಯೂ ಬೇಸಿಕ್ ಮೇಲೇ: ಒಂದು ವರ್ಷ ಪೂರೈಸಿದವರಿಗೆ, ಮೊದಲ ಐದು ವರ್ಷ ವರ್ಷಕ್ಕೆ 21 ದಿನದ್ದು. ಐದು ವರ್ಷಕ್ಕೆ 800ರವನಿಗೆ 2,800, 1,400ರವನಿಗೆ 4,900 ದಿರ್ಹಂ. ಊಟ, ರೂಮು, ಓಡಾಟ ಕಂಪನಿಯದೋ ನಿಮ್ಮದೋ ಎನ್ನುವುದೂ ಬರಹದಲ್ಲೇ ಇರಲಿ, ಬಾಯಿಮಾತು ಬೇಡ.

ಎಂಟ್ರಿ ಪರ್ಮಿಟ್ ಕೈಗೆ ಬಂದಾಗ ಮೂರು ಕಡೆ ಕಣ್ಣು ಹಾಯಿಸಿ. ಮೇಲ್ಗಡೆ ವೀಸಾ ಬಗೆ ಏನು? ಸ್ಪಾನ್ಸರ್ ಜಾಗದಲ್ಲಿ ಯಾರ ಹೆಸರು? ಆಫರ್ ಕೊಟ್ಟ ಕಂಪನಿಯ ಬದಲು ಯಾವುದೋ ಟೂರಿಸಂ ಕಂಪನಿ ಇದ್ದರೆ ಅದು ವಿಸಿಟ್ ವೀಸಾವೇ, ಏಜೆಂಟ್ ಏನೇ ಹೇಳಲಿ. ಮೂರನೆಯದು ವೃತ್ತಿ: ಎಸಿ ಮೆಕ್ಯಾನಿಕ್ ಅಂತ ಮಾತಾಗಿದ್ದಲ್ಲಿ ಕ್ಲೀನರ್ ಅಂತ ಬಂದಿದ್ದರೆ ಇಲ್ಲೇ ತಕರಾರು ತೆಗೆಯಿರಿ. ಫೈಲ್ ನಂಬರ್ 201ರಿಂದ ಶುರುವಾದರೆ ದುಬೈ, 101 ಅಬುಧಾಬಿ, 301 ಶಾರ್ಜಾ. ದುಬೈನದ್ದನ್ನು ಜಿಡಿಆರ್‌ಎಫ್‌ಎ (ದುಬೈನ ವೀಸಾ ಇಲಾಖೆ) ಸೈಟಿನಲ್ಲಿ, ಉಳಿದವನ್ನು ಐಸಿಪಿ (ಯುಎಇ ಕೇಂದ್ರ ಸರ್ಕಾರದ ವೀಸಾ ಇಲಾಖೆ) ಸೈಟಿನಲ್ಲಿ ನೋಡಬಹುದು. "ಫ್ರೀ ವೀಸಾ", "ಆಜಾದ್ ವೀಸಾ" ಅನ್ನುವ ಬಗೆ ಕಾನೂನಿನಲ್ಲಿ ಇಲ್ಲವೇ ಇಲ್ಲ. ಒಬ್ಬರ ಹೆಸರಿನ ವೀಸಾದಲ್ಲಿ ಇನ್ನೊಬ್ಬರ ಹತ್ತಿರ ದುಡಿಯುವುದಕ್ಕೆ ಇಟ್ಟ ಚೆಂದದ ಹೆಸರು ಅಷ್ಟೇ.

ಈಗ ದುಡ್ಡಿನ ವಿಷಯ. ಭಾರತದಲ್ಲಿ ನೋಂದಾಯಿತ ರಿಕ್ರೂಟಿಂಗ್ ಏಜೆಂಟ್ ಕೆಲಸಗಾರನಿಂದ ಪಡೆಯಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಮೇಲೆ ಜಿಎಸ್‌ಟಿ, ಅದಕ್ಕೂ ರಸೀದಿ ಕೊಡಬೇಕು. ವೀಸಾ, ವರ್ಕ್ ಪರ್ಮಿಟ್ ಖರ್ಚು ಮಾಲೀಕನದ್ದು. ನೇಮಕಾತಿ ವೆಚ್ಚವನ್ನು ಕೆಲಸಗಾರನಿಂದ ವಸೂಲು ಮಾಡಬಾರದೆಂದು ಯುಎಇಯ 2021ರ ಕಾರ್ಮಿಕ ಕಾನೂನೇ ಹೇಳುತ್ತದೆ. ಹಾಗಾದರೆ ನಿಮ್ಮ 1.20 ಲಕ್ಷ ಯಾವ ಲೆಕ್ಕದ್ದು ಅಂತ ಏಜೆಂಟನ್ನೇ ಕೇಳಿ. ಅವನ ಲೈಸೆನ್ಸ್ ನಂಬರನ್ನು ಭಾರತ ಸರ್ಕಾರದ ಇ-ಮೈಗ್ರೇಟ್ ಪೋರ್ಟಲಿನ ಪಟ್ಟಿಯಲ್ಲಿ ಹುಡುಕಿ. ಹೆಸರು ಇದ್ದರೆ ಸಾಲದು, ಸದ್ಯ ಚಾಲ್ತಿಯಲ್ಲಿದೆ ಅಂತಲೂ ತೋರಿಸಬೇಕು. "ನಾನು ಮುಂಬಯಿ ಆಫೀಸಿನ ಸಬ್-ಏಜೆಂಟ್" ಅನ್ನುವವರಿಗೆ ಕಾನೂನಿನ ಮಾನ್ಯತೆ ಇಲ್ಲ.

ಕ್ಲಿಯರೆನ್ಸ್‌ಗೆ ಮುಂಚೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಎಂಬ ಇನ್ಶೂರೆನ್ಸ್ ಕಡ್ಡಾಯ. ಎರಡು ವರ್ಷಕ್ಕೆ 275, ಮೂರು ವರ್ಷಕ್ಕೆ 375 ರೂಪಾಯಿ, ತೆರಿಗೆ ಬೇರೆ. ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯಕ್ಕೆ 10 ಲಕ್ಷ. ಏಜೆಂಟರು ಇದಕ್ಕೇ ಸಾವಿರಗಟ್ಟಲೆ ಹೇಳುವುದುಂಟು. ಪಾಸ್‌ಪೋರ್ಟ್ ಅವಧಿ ಕನಿಷ್ಠ ಆರು ತಿಂಗಳು ಉಳಿದಿರಲಿ.

ಹೆಸರಿನ ಬಗ್ಗೆ ಒಂದು ಮಾತು, ನಮ್ಮ ಕಡೆಯವರಿಗೆ ಇದು ಜಾಸ್ತಿ ಕಾಡುತ್ತದೆ. ಇನಿಷಿಯಲ್ ಬಿಟ್ಟು ಬರೀ "ಮಂಜುನಾಥ" ಅಂತ ಒಂದೇ ಪದದಲ್ಲಿ ಪಾಸ್‌ಪೋರ್ಟ್ ಮಾಡಿಸಿದವರಿಗೆ ಯುಎಇ 2022ರ ನವೆಂಬರ್‌ನಿಂದ ವಿಸಿಟ್, ಟೂರಿಸ್ಟ್ ವೀಸಾದಲ್ಲಿ ಪ್ರವೇಶ ಕೊಡುತ್ತಿಲ್ಲ. ಮುಂದೆ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವ ಯೋಚನೆ ಇದ್ದರೆ ಈಗಲೇ ಎಲ್ಲರ ಪಾಸ್‌ಪೋರ್ಟಿಗೂ ಸರ್‌ನೇಮ್ ಸೇರಿಸಿ.

ಎಂಪ್ಲಾಯ್‌ಮೆಂಟ್ ವೀಸಾದಲ್ಲಿ ಇಳಿದ ಮೇಲೆ 60 ದಿನದೊಳಗೆ ಮೆಡಿಕಲ್, ಎಮಿರೇಟ್ಸ್ ಐಡಿಗೆ ಬೆರಳಚ್ಚು, ಎರಡು ವರ್ಷದ ರೆಸಿಡೆನ್ಸಿ ಆಗಬೇಕು. ಮೆಡಿಕಲ್‌ನಲ್ಲಿ ಎಚ್‌ಐವಿ, ಕ್ಷಯ ನೋಡುತ್ತಾರೆ. ಹಿಂದೆ ಟಿಬಿ ಆಗಿದ್ದರೆ ಇಲ್ಲೇ ಎದೆಯ ಎಕ್ಸ್‌ರೇ ತೆಗೆಸಿ ವೈದ್ಯರಿಗೆ ತೋರಿಸಿ, ಹಳೇ ಚಿಕಿತ್ಸೆಯ ಕಾಗದ ಜೊತೆಗಿರಲಿ. ಮೊದಲು ಸಹಿ ಹಾಕಿದ ಆಫರ್‌ಗಿಂತ ಕಡಿಮೆ ಸಂಬಳದ ಕರಾರನ್ನು ಅಲ್ಲಿ ಮುಂದಿಟ್ಟರೆ ಸಹಿ ಹಾಕಬೇಡಿ. ಪಾಸ್‌ಪೋರ್ಟನ್ನು ಕಂಪನಿ ಇಟ್ಟುಕೊಳ್ಳುವಂತಿಲ್ಲ. ಪ್ರೊಬೇಷನ್ ಗರಿಷ್ಠ ಆರು ತಿಂಗಳು. ಆ ಅವಧಿಯಲ್ಲಿ ಊರಿಗೆ ವಾಪಸಾಗುವುದಾದರೆ 14 ದಿನ, ಅಲ್ಲೇ ಬೇರೆ ಕಂಪನಿ ಸೇರುವುದಾದರೆ ಒಂದು ತಿಂಗಳು ಮುಂಚೆ ಬರಹದಲ್ಲಿ ನೋಟಿಸ್ ಕೊಡಿ. ಹೇಳದೆ ಕೇಳದೆ ಹೊರಟರೆ ಒಂದು ವರ್ಷ ಅಲ್ಲಿ ಹೊಸ ಪರ್ಮಿಟ್ ಸಿಗುವುದಿಲ್ಲ.

ಅವಸರ ಇಲ್ಲದಿದ್ದರೆ ಹತ್ತನೇ ತರಗತಿಯನ್ನು ಖಾಸಗಿಯಾಗಿ ಕಟ್ಟಿ ಪಾಸಾಗಿ, ಪಾಸ್‌ಪೋರ್ಟ್‌ನ ಇಸಿಆರ್ ತೆಗೆಸಬಹುದು. ಮಾರ್ಕ್ಸ್ ಕಾರ್ಡ್ ಮಾಡಿಸಿ ಕೊಡುತ್ತೇನೆ ಅನ್ನುವವನನ್ನು ಮಾತ್ರ ನಂಬಬೇಡಿ, ಕೇಸ್ ಬೀಳುವುದು ನಿಮ್ಮ ಮೇಲೆ.

ಅಡ್ವಾನ್ಸ್ ಈಗಾಗಲೇ ಕೊಟ್ಟಿದ್ದರೆ ಯುಪಿಐ ಸ್ಕ್ರೀನ್‌ಶಾಟ್, ವಾಯ್ಸ್ ಮೆಸೇಜು, ಏಜೆಂಟ್ ಕೊಟ್ಟ ಚೀಟಿ ಯಾವುದನ್ನೂ ಅಳಿಸಬೇಡಿ. ಪೊಲೀಸ್ ಠಾಣೆಯಲ್ಲೂ, ಬೆಂಗಳೂರಿನ ಪ್ರೊಟೆಕ್ಟರ್ ಆಫ್ ಎಮಿಗ್ರಂಟ್ಸ್ (ಹೊರದೇಶಕ್ಕೆ ಕೆಲಸಕ್ಕೆ ಹೋಗುವವರ ರಕ್ಷಣೆಯ ಸರ್ಕಾರಿ ಅಧಿಕಾರಿ) ಕಚೇರಿಗೂ ದೂರು ಕೊಡಿ. ನಿಮ್ಮ ಪಾಸ್‌ಪೋರ್ಟ್ ಅವನ ಹತ್ತಿರ ಇದ್ದರೆ ಮೊದಲು ಅದನ್ನು ವಾಪಸ್ ತೆಗೆದುಕೊಳ್ಳಿ, ಜಗಳ ಆಮೇಲೆ.